ಓಬವ್ವನಿಗೆ ಕಿರೀಟ ಬೇಡ: ಹಳೇ ಸೀರೆ, ಹಳೇ ಶರ್ಟಲ್ಲೇ ಆಗುತ್ತೆ ಛದ್ಮವೇಷ

(ಈ ವಾರದ ಸಂಚಿಕೆಯ ಪಠ್ಯರೂಪ)

ಮಾಮೂಲಾಗಿ ನಾವಿಲ್ಲಿ ದುಡ್ಡಿನ ವಿಷಯ ಮಾತಾಡ್ತೀವಿ. ಇಎಂಐ, ಪಿಎಫ್, ಚೀಟಿ, ಹೀಗೆ. ಈ ವಾರ ಸೂಜಿ ದಾರದ ವಿಷಯ. ಲೆಕ್ಕ ಇದರಲ್ಲೂ ಇದೆ, ಯೋಚ್ನೆ ಮಾಡ್ಬೇಡಿ. ಬಿ.ಕಾಂ. ಓದಿದವರ ಕೈಗೆ ಏನು ಕೊಟ್ರೂ ಕೊನೆಗೆ ಎರಡು ಕಾಲಂ ಎಳೀದೆ ಬಿಡಲ್ಲ.

ನವೆಂಬರ್ ತಿಂಗಳು ಬಂತು ಅಂದ್ರೆ ಮಕ್ಕಳಿರೋ ಮನೆಗಳಲ್ಲಿ ಒಂದು ಹೊಸ ಖರ್ಚು ಶುರುವಾಗುತ್ತೆ. 1ನೇ ತಾರೀಖು ರಾಜ್ಯೋತ್ಸವ, 11ಕ್ಕೆ ಒನಕೆ ಓಬವ್ವ ಜಯಂತಿ, 14ಕ್ಕೆ ಮಕ್ಕಳ ದಿನಾಚರಣೆ. ಈ ಮೂರರಲ್ಲಿ ಯಾವುದಾದ್ರೂ ಒಂದಕ್ಕೆ ಶಾಲೆಯಲ್ಲಿ ಛದ್ಮವೇಷ ಸ್ಪರ್ಧೆ ಇದ್ದೇ ಇರುತ್ತೆ. ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬರುತ್ತೆ: ನಿಮ್ಮ ಮಗು ಇಂಥ ವೇಷದಲ್ಲಿ ಬರಬೇಕು. ವೇಷ ಎಲ್ಲಿಂದ ಬರಬೇಕು ಅನ್ನೋದು ಆ ಮೆಸೇಜಲ್ಲಿ ಇರಲ್ಲ.

ನಮ್ಮ ಬೀದಿಯಲ್ಲಿ ಒಬ್ಬರು ಅಕ್ಕ ಇದ್ದಾರೆ. ಹೆಸರು ಹೇಳೋದು ಬೇಡ ಅಂದಿದ್ದಾರೆ, ಹೇಳಲ್ಲ. ಚಿತ್ರದುರ್ಗದ ಕಡೆಯವರು, ಬೆಂಗಳೂರಿಗೆ ಬಂದು ಹತ್ತು ವರ್ಷದ ಮೇಲಾಯ್ತು. ಗಾರ್ಮೆಂಟ್ಸಲ್ಲಿ ಕೆಲಸ. ಕಾಲರ್ ಹಚ್ಚೋ ಮಷಿನ್ ಅವರದು. ಬೆಳಗ್ಗೆಯಿಂದ ಸಂಜೆವರೆಗೂ ಶರ್ಟ್ ಬರುತ್ತೆ, ಕಾಲರ್ ಹಚ್ತಾರೆ, ಮುಂದಿನವರಿಗೆ ಕಳಿಸ್ತಾರೆ. ಅಲ್ಲಿ ಒಬ್ಬರು ಪೂರ್ತಿ ಶರ್ಟ್ ಹೊಲಿಯಲ್ಲ. ಒಬ್ಬರಿಗೆ ತೋಳು, ಒಬ್ಬರಿಗೆ ಜೇಬು, ಒಬ್ಬರಿಗೆ ಕಾಜಾ. ಮನೆಯಲ್ಲಿ ಹೊಲಿಗೆ ಮಷಿನ್ ಇಲ್ಲ. ಮಗಳು ಐದನೇ ಕ್ಲಾಸು. ಈ ಸಲ ಅವಳ ಪಾಲಿಗೆ ಬಂದಿದ್ದು ಒನಕೆ ಓಬವ್ವ.

ವೇಷದ ಬಟ್ಟೆ ಬಾಡಿಗೆಗೆ ಕೊಡೋ ಅಂಗಡಿಗೆ ಅಕ್ಕ ಹೋಗಿ ಕೇಳಿದ್ರು. ಒಂದು ದಿನಕ್ಕೆ 500 ರೂಪಾಯಿ, ಅದರ ಮೇಲೆ 1,000 ಡೆಪಾಸಿಟ್. ಕಲೆ ಆದ್ರೆ, ಹರಿದ್ರೆ ಡೆಪಾಸಿಟ್ಟಲ್ಲಿ ಹಿಡ್ಕೊಳ್ತಾರೆ. ಅಂದ್ರೆ ಅಕ್ಟೋಬರ್ ಕೊನೇ ವಾರ, ಸಂಬಳ ಬರೋ ಮುಂಚೆ, ಕೈಯಲ್ಲಿ 1,500 ಇರ್ಬೇಕು. 500 ದೊಡ್ಡದಲ್ಲ ಅಂತ ನಿಮಗೆ ಅನ್ನಿಸ್ಬಹುದು. ಇಲ್ಲಿ ಕಷ್ಟ ಆಗಿದ್ದು ಬೆಲೆಯಲ್ಲ, ದುಡ್ಡು ಕೈಗೆ ಬರೋ ದಿನ. ಕಾಮರ್ಸಲ್ಲಿ ಇದಕ್ಕೆ ಕ್ಯಾಶ್ ಫ್ಲೋ ಅಂತ ಹೆಸರು. ಮನೆಯಲ್ಲಿ ಇದಕ್ಕೆ ‘ಈ ಸಲ ಬೇಡ ಬಿಡು ಪುಟ್ಟಾ’ ಅಂತಾರೆ.

ಹಂಗಾಗಿ ನಾವು ಹಳೇ ಬಟ್ಟೆಯಲ್ಲಿ ವೇಷ ಮಾಡೋಣ ಅಂತ ಕೂತ್ವಿ. ಹೊಲಿಗೆ ಅಕ್ಕಂದು, ಲೆಕ್ಕ ನಂದು. ಏನೇನು ಮಾಡಿದ್ವಿ, ಯಾಕೆ ಹಂಗೆ ಮಾಡಿದ್ವಿ ಅಂತ ಒಂದೊಂದಾಗಿ ಹೇಳ್ತೀನಿ.

ಕೊಟ್ಟಿದ್ದು ಬೇರೆ, ಕೊಂಡಿದ್ದು ಬೇರೆ

ಹಳೇ ಬಟ್ಟೆ ಅಂದ ತಕ್ಷಣ ಅಕ್ಕ ಒಂದು ಮಾತು ಹೇಳಿದ್ರು. ‘ನೋಡು ತಮ್ಮಾ, ಯಾರ ಮನೇಲೂ ಕೇಳಿ ತರೋದು ಬೇಡ. ದುಡ್ಡು ಕೊಟ್ಟು ತರೋಣ.’

ಯಾಕೆ ಅಂತ ಆಮೇಲೆ ಹೇಳಿದ್ರು. ಚಿಕ್ಕವರಿದ್ದಾಗ ಅವರಮ್ಮ ಕೆಲಸಕ್ಕೆ ಹೋಗ್ತಿದ್ದ ದೊಡ್ಡ ಮನೆಯಿಂದ ಹಬ್ಬಕ್ಕೆ ಹಳೇ ಲಂಗ ಬರ್ತಿತ್ತಂತೆ. ಆ ಮನೆಯ ಹುಡುಗಿ ಅದೇ ಶಾಲೆ. ಲಂಗ ನೋಡಿದ ಕೂಡ್ಲೇ ಯಾರದ್ದು ಅಂತ ಎಲ್ರಿಗೂ ಗೊತ್ತಾಗ್ತಿತ್ತು. ‘ಬಟ್ಟೆ ಚೆನ್ನಾಗೇ ಇತ್ತು, ಹಾಕ್ಕೊಳ್ಳೋಕೆ ಆಗ್ತಿರ್ಲಿಲ್ಲ’ ಅಂದ್ರು.

ಸೆಕೆಂಡ್ ಹ್ಯಾಂಡ್ ಬಟ್ಟೆ ಬಗ್ಗೆ ಇನ್‌ಸ್ಟಾಗ್ರಾಂ ರೀಲ್ಸಲ್ಲಿ ಈಗ ಬಹಳ ಮಾತು ಬರುತ್ತೆ. ‘ಥ್ರಿಫ್ಟ್’ ಅಂತ ಹೆಸರಿಟ್ಟು ಮಾರ್ತಾರೆ, ನಾವೂ ಲೈಕ್ ಕೊಡ್ತೀವಿ. ಆದ್ರೆ ಬೇರೆಯವರು ಉಟ್ಟಿದ್ದನ್ನ ಉಡೋದು ಕೆಲವರಿಗೆ ಸ್ಟೈಲು, ಕೆಲವರಿಗೆ ಹಳೇ ಗಾಯ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ. ಅಕ್ಕ ಹೇಳಿದ ಮಾತಲ್ಲಿ ನನಗೆ ಎರಡು ವಿಷಯ ಕಾಣಿಸ್ತು. ಒಂದು, ಕೊಂಡಿದ್ದು ನಮ್ಮದು. 40 ರೂಪಾಯಿ ಕೊಟ್ರೂ ನಮ್ಮದೇ. ಎರಡು, ಬಟ್ಟೆಯನ್ನ ಬಿಚ್ಚಿ, ಕತ್ತರಿಸಿ, ರೂಪ ಬದಲಾಯಿಸಿದ ಮೇಲೆ ಅದು ಯಾರದ್ದಾಗಿತ್ತು ಅಂತ ಗುರುತು ಹಿಡಿಯೋರು ಇರಲ್ಲ.

ಓಬವ್ವ ಯಾರು? ಅದರಿಂದಲೇ ಬಟ್ಟೆ ತೀರ್ಮಾನ

ಕೊಳ್ಳೋಕೆ ಹೊರಡೋ ಮುಂಚೆ ಒಂದು ಪ್ರಶ್ನೆ ಕೇಳ್ಕೋಬೇಕು: ಈ ಪಾತ್ರ ಬದುಕಲ್ಲಿ ಏನು ಕೆಲಸ ಮಾಡ್ತಿತ್ತು?

ಕಥೆ ನಿಮಗೆ ಗೊತ್ತು. 18ನೇ ಶತಮಾನ, ಮದಕರಿ ನಾಯಕನ ಚಿತ್ರದುರ್ಗ, ಹೈದರಾಲಿಯ ಮುತ್ತಿಗೆ. ಓಬವ್ವ ಕೋಟೆ ಕಾವಲುಗಾರ ಮುದ್ದ ಹನುಮನ ಹೆಂಡತಿ. ಗಂಡ ಊಟಕ್ಕೆ ಕೂತಿರ್ತಾನೆ, ಇವಳು ನೀರಿಗೆ ಹೋಗ್ತಾಳೆ. ಬಂಡೆಗಳ ನಡುವಿನ ಕಿಂಡಿಯಲ್ಲಿ ಶತ್ರು ಸೈನಿಕರು ತೂರಿ ಬರೋದು ಕಾಣುತ್ತೆ. ಕೈಗೆ ಸಿಕ್ಕಿದ್ದು ಒನಕೆ. ಆ ಕಿಂಡಿ ಇವತ್ತೂ ಕೋಟೆಯಲ್ಲಿದೆ, ಹೋದವರೆಲ್ಲ ಬಗ್ಗಿ ನೋಡಿ ಫೋಟೋ ತೆಗೆಸ್ಕೊಂಡು ಬರ್ತೀವಿ.

ಅಂದ್ರೆ ಓಬವ್ವ ರಾಣಿಯಲ್ಲ. ಮನೆಗೆಲಸದ ಮಧ್ಯೆ ಎದ್ದು ಹೋದ ಹೆಂಗಸು. ನಮ್ಮ ಕಣ್ಣಲ್ಲಿ ಅವಳಿಗೊಂದು ರೂಪ ಕೊಟ್ಟಿದ್ದು 1972ರ ‘ನಾಗರಹಾವು’. ಪುಟ್ಟಣ್ಣ ಕಣಗಾಲ್ ಸಿನಿಮಾ, ಜಯಂತಿ ಅವರ ಓಬವ್ವ. ಕಚ್ಚೆ ಹಾಕಿ ಉಟ್ಟ ಸೀರೆ, ಕೈಯಲ್ಲಿ ಒನಕೆ. ಬಾಡಿಗೆ ಅಂಗಡಿಯಲ್ಲಿ ಅಕ್ಕನಿಗೆ ತೋರಿಸಿದ್ದು ಮಿರಮಿರ ಮಿಂಚೋ ಸ್ಯಾಟಿನ್, ಚಿನ್ನದ ಬಣ್ಣದ ಡಾಬು, ಪ್ಲಾಸ್ಟಿಕ್ ಕಿರೀಟ. ಚೆನ್ನಮ್ಮ ಆದ್ರೂ ಅದೇ ಸೆಟ್ಟು, ಅಬ್ಬಕ್ಕ ಆದ್ರೂ ಅದೇ, ಓಬವ್ವ ಆದ್ರೂ ಅದೇ. ಕತ್ತಿ ತೆಗೆದು ಒನಕೆ ಇಟ್ರೆ ಆಯ್ತು.

ನೋಡಿ, ಇಲ್ಲೇ ಹಳೇ ಬಟ್ಟೆ ಗೆಲ್ಲೋದು. ಹತ್ತಾರು ಸಲ ಒಗೆದು ಮೆತ್ತಗಾದ, ಬಣ್ಣ ಸ್ವಲ್ಪ ಮಾಸಿದ ಹತ್ತಿ ಸೀರೆಯೇ ಓಬವ್ವನಿಗೆ ಸರಿಯಾದ ಬಟ್ಟೆ. ಹೊಸದು ತಂದಿದ್ರೆ ಅದನ್ನ ಹಳೇದಾಗಿ ಕಾಣಿಸೋಕೆ ನಾವೇ ಕಷ್ಟ ಪಡ್ಬೇಕಿತ್ತು. ಗಾಂಧೀಜಿ ವೇಷ, ರೈತ, ಪೋಸ್ಟ್‌ಮ್ಯಾನ್, ಪೌರಕಾರ್ಮಿಕರು, ಯಾವುದೇ ದುಡಿಯೋ ಮನುಷ್ಯರ ಪಾತ್ರಕ್ಕೂ ಇದೇ ಮಾತು. ರಾಜ, ದೇವರು ಬೇಕು ಅಂದ್ರೆ ಮಾತ್ರ ಮಿಂಚು ಹುಡುಕ್ಬೇಕು. ಅದಕ್ಕೂ ಹಳೇ ರೇಷ್ಮೆ ಸೀರೆಯ ಜರಿ ಅಂಚು ಸ್ಯಾಟಿನ್‌ಗಿಂತ ವಾಸಿ.

ಎಲ್ಲಿ ಸಿಗುತ್ತೆ, ಹೇಗೆ ಆರಿಸೋದು

ಮೊದಲು ಮನೆ ಟ್ರಂಕ್. ಅಲ್ಲಿ ಇಲ್ಲ ಅಂದ್ರೆ ವಾರದ ಸಂತೆ. ಬೆಂಗಳೂರಲ್ಲಾದ್ರೆ ಎಸ್.ಜೆ.ಪಿ. ರಸ್ತೆ ಕಡೆಯ ಭಾನುವಾರದ ಬಜಾರ್, ಬೆಳಗ್ಗೆ ಬೇಗ ಹೋದಷ್ಟೂ ಒಳ್ಳೇದು. ಊರುಗಳಲ್ಲಿ ಹಳೇ ಬಟ್ಟೆಗೆ ಪಾತ್ರೆ ಕೊಡೋ ಹೆಂಗಸರು ಬೀದಿಗೆ ಬರ್ತಾರಲ್ಲ, ಅವರ ಗಂಟಿಗೆ ಹೋದ ಬಟ್ಟೆಯಲ್ಲಿ ಚೆನ್ನಾಗಿರೋದು ಒಗೆದು, ಇಸ್ತ್ರಿ ಆಗಿ ಹಿಂಗೇ ಸಂತೆಗೆ ಬರುತ್ತೆ. ತೀರಾ ಹರಿದಿದ್ದು ಗ್ಯಾರೇಜಲ್ಲಿ ಎಣ್ಣೆ ಒರೆಸೋ ಬಟ್ಟೆಯಾಗುತ್ತೆ.

ನಾವು ತಗೊಂಡಿದ್ದು ಎರಡೇ. ಹಳದಿ ಅಂಚಿನ, ಕೆಂಗಂದು ಬಣ್ಣದ ಒಂದು ಹತ್ತಿ ಸೀರೆ, 80 ರೂಪಾಯಿ. ಹತ್ತು ಹನ್ನೆರಡು ವರ್ಷದ ಹುಡುಗರ ಅಳತೆಯ ಕಡುಹಸಿರು ಶರ್ಟು, 40 ರೂಪಾಯಿ. ಸೀರೆ ಅಷ್ಟು ಅಗ್ಗ ಯಾಕೆ ಅಂದ್ರೆ ನೆರಿಗೆ ಬರೋ ಜಾಗದಲ್ಲಿ ಒಂದು ಗೇಣು ಹರಿದಿತ್ತು. ಉಡೋರಿಗೆ ಅದು ದೋಷ. ಕತ್ತರಿಸೋರಿಗೆ ಅದು ಡಿಸ್ಕೌಂಟು. ಹರಿದ ಜಾಗ ಬಿಟ್ಟು ಮಿಕ್ಕಿದ್ರಲ್ಲಿ ಕೆಲಸ ಆಗುತ್ತಾ ಅಂತಷ್ಟೇ ನೋಡ್ಬೇಕು.

ಆರಿಸುವಾಗ ಅಕ್ಕ ಮಾಡಿದ ನಾಲ್ಕು ಪರೀಕ್ಷೆ ಹೇಳ್ತೀನಿ, ಫೋನಲ್ಲಿ ಬರೆದಿಟ್ಕೊಳ್ಳಿ.

ಒಂದು: ಬೆಳಕಿಗೆ ಹಿಡೀರಿ. ಬಟ್ಟೆ ಸವೆದಿರೋ ಕಡೆ ಬೆಳಕು ಜಾಸ್ತಿ ತೂರುತ್ತೆ. ಅಲ್ಲಿ ಹೊಲಿಗೆ ನಿಲ್ಲಲ್ಲ.

ಎರಡು: ಕಂಕುಳ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಎಳೀರಿ. ಬೆವರು ಕುಡಿದ ಬಟ್ಟೆ ಮೊದಲು ಜೀವ ಬಿಡೋದು ಅಲ್ಲೇ. ‘ಪರ್’ ಅಂದ್ರೆ ವಾಪಸ್ ಇಟ್ಬಿಡಿ.

ಮೂರು: ಭುಜ ನೋಡಿ. ಉದ್ದ ಕತ್ತರಿಸಬಹುದು, ಸೊಂಟ ಬಿಗಿ ಮಾಡ್ಬಹುದು, ತೋಳು ಮಡಚ್ಬಹುದು. ಭುಜ ಸರಿಮಾಡ್ಬೇಕು ಅಂದ್ರೆ ತೋಳು ಬಿಚ್ಚಿ, ಕತ್ತರಿಸಿ, ಮತ್ತೆ ಕೂರಿಸ್ಬೇಕು. ಕೈಹೊಲಿಗೆಯಲ್ಲಿ ಅದು ದೊಡ್ಡ ಕೆಲಸ. ಹಂಗಾಗಿ ಶರ್ಟಿನ ಭುಜದ ಹೊಲಿಗೆ ಮಗುವಿನ ಭುಜದ ಮೂಳೆ ಮೇಲೆ ಕೂತ್ರೆ ಮಾತ್ರ ತಗೊಳ್ಳಿ.

ನಾಲ್ಕು: ಒಳಗಡೆಯಿಂದ ಒಂದು ದಾರ ಕಿತ್ತು ಸುಟ್ಟು ನೋಡಿ. ಇದು ದೊಡ್ಡವರು ಮಾಡೋ ಕೆಲಸ, ಬಟ್ಟೆಯಿಂದ ದೂರ ನಿಂತು. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬರುತ್ತೆ, ಮುಟ್ಟಿದ್ರೆ ಬೂದಿ ಉದುರುತ್ತೆ. ಪಾಲಿಯೆಸ್ಟರ್ ಆದ್ರೆ ಕರಗಿ ಗಟ್ಟಿ ಮಣಿ ಥರ ಆಗುತ್ತೆ. ಇದನ್ನ ನೋಡೋದು ಯಾಕೆ ಅಂದ್ರೆ ವೇದಿಕೆ ಮೇಲೆ ದೀಪ ಹಚ್ಚಿಟ್ಟಿರ್ತಾರೆ. ಹತ್ತಿಗೂ ಬೆಂಕಿ ತಗುಲುತ್ತೆ, ಅದರಲ್ಲಿ ಅನುಮಾನ ಬೇಡ. ಕರಗೋ ಬಟ್ಟೆ ಮೈಗೆ ಅಂಟಿಕೊಂಡು ಸುಡುತ್ತೆ, ಅದು ಇನ್ನೂ ಕೆಟ್ಟದ್ದು. ಯಾವ ಬಟ್ಟೆ ಆದ್ರೂ ಸೆರಗು ಬಿಗಿಯಾಗಿ ಕಟ್ಟಿರ್ಬೇಕು, ದೀಪದಿಂದ ದೂರ ಇರ್ಬೇಕು.

ತಂದ ಬಟ್ಟೆ ಮೊದಲು ನೀರಿಗೆ. ಹತ್ತಿ ಆದ್ರೆ ಸೋಪಿನ ಪುಡಿ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ, ಒಗೆದು, ಒಳಮಗ್ಗುಲು ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಣ್ಣ ಬಿಡುತ್ತಾ ಅಂತ ಒಂದು ಮೂಲೆ ನೆನೆಸಿ ನೋಡ್ಕೊಳ್ಳಿ. ಒಗೆಯೋ ಮುಂಚೆ ಅಳತೆ ತೆಗೀಬೇಡಿ. ಹತ್ತಿ ಕುಗ್ಗೋದಿದ್ರೆ ಅದು ಕತ್ತರಿ ಬೀಳೋ ಮುಂಚೆಯೇ ಕುಗ್ಗಿಬಿಡ್ಲಿ.

ಶರ್ಟು ಕುಪ್ಪಸ ಆಗೋದು

ಹಳೇ ಕಾಲದ ಕುಪ್ಪಸಕ್ಕೆ ಮುಂದೆ ಗಂಟು. ಶರ್ಟು ಮುಂದೆ ಬಿಚ್ಚಿಕೊಳ್ಳುತ್ತೆ. ಈ ಎರಡು ಗೊತ್ತಿದ್ರೆ ಅರ್ಧ ಕೆಲಸ ಮುಗೀತು.

ಮೊದಲು ಕಾಲರ್ ಬಿಚ್ಚೋದು. ಹೊಲಿಗೆ ಬಿಚ್ಚೋ ಸಣ್ಣ ಕೊಕ್ಕೆ ಸಿಗುತ್ತೆ, 25 ರೂಪಾಯಿಗೆ ತಂದ್ವಿ. ಬ್ಲೇಡಿಗಿಂತ ಸುರಕ್ಷಿತ. ಒಂದೊಂದೇ ಹೊಲಿಗೆ ಕೀಳ್ತಾ ಕೂತ್ರೆ ಬೆಳಗಾಗುತ್ತೆ. ಒಂದು ಮಗ್ಗುಲಲ್ಲಿ ನಾಲ್ಕು ಹೊಲಿಗೆಗೆ ಒಂದನ್ನ ಕತ್ತರಿಸ್ತಾ ಹೋಗಿ, ಆಮೇಲೆ ಬಟ್ಟೆ ತಿರುಗಿಸಿ ಆ ಕಡೆಯ ದಾರ ಎಳೀರಿ. ಸರ್ರಂತ ಬರುತ್ತೆ. ಅಕ್ಕ ಎಳೀತಾ ನಕ್ಕರು. ‘ದಿನಾ ಹಚ್ಚೋದು ಇದನ್ನೇ. ಬಿಚ್ಚಿದ್ದು ಇವತ್ತೇ ಮೊದಲು’ ಅಂದ್ರು.

ಕಾಲರ್ ಹೋದ ಮೇಲೆ ಕುತ್ತಿಗೆ ಸುತ್ತ ಕಚ್ಚಾ ಅಂಚು ಉಳಿಯುತ್ತೆ. ಅದಕ್ಕೆ ಬೆರಳಷ್ಟು ಅಂತರಕ್ಕೊಂದು ಸಣ್ಣ ಕತ್ತರಿ ಗುರುತು, ಅರ್ಧ ಸೆಂಟಿಮೀಟರ್ ಮೀರಬಾರದು, ಕೊಟ್ಟು ಒಳಗೆ ಮಡಚಿ ಹೊಲಿದುಬಿಡಿ. ಕತ್ತರಿ ಗುರುತು ಕೊಡದೆ ಮಡಚಿದ್ರೆ ದುಂಡಗಿನ ಕುತ್ತಿಗೆ ಸುಕ್ಕು ಹಿಡಿಯುತ್ತೆ.

ತೋಳು ಮೊಣಕೈಗಿಂತ ಎರಡು ಇಂಚು ಮೇಲಕ್ಕೆ ಬರೋ ಹಾಗೆ, ಮಡಿಕೆಗೆ ಒಂದಿಂಚು ಬಿಟ್ಟು ಕತ್ತರಿಸಿ. ಶರ್ಟಿನ ಹಿಂಭಾಗ ಸೊಂಟದ ಮಟ್ಟಕ್ಕೆ. ಮುಂಭಾಗದ ಎರಡು ತುದಿಯನ್ನ ಮಾತ್ರ ಆರು ಇಂಚು ಉದ್ದ ಬಿಡಿ. ಮೇಲಿನ ಗುಂಡಿಗಳು ಹಾಕಿರಲಿ, ಕೆಳಗಿನ ಎರಡು ಗುಂಡಿ ಕಿತ್ತು, ಆ ತುದಿಗಳನ್ನ ಮುಂದೆ ಗಂಟು ಹಾಕಿ. ಕುಪ್ಪಸ ಆಯ್ತು. ಗಂಟು ಸಡಿಲ ಆದ್ರೂ ಗುಂಡಿ ಇರೋದ್ರಿಂದ ಮಗುವಿಗೆ ಮುಜುಗರ ಇಲ್ಲ. ಒಳಗೊಂದು ಬನಿಯನ್ ಹಾಕಿದ್ರೆ ಇನ್ನೂ ನಿಶ್ಚಿಂತೆ.

ಜೇಬು ಬಿಚ್ಚಿದಾಗ ಒಂದು ತಮಾಷೆ ಆಯ್ತು. ಹಳೇ ಶರ್ಟಲ್ಲಿ ಜೇಬಿನ ಅಡಿಯ ಬಟ್ಟೆ ಬಿಸಿಲು ಕಂಡಿರಲ್ಲ. ಹಂಗಾಗಿ ಜೇಬು ತೆಗೆದ ಜಾಗದಲ್ಲಿ ಕಡುಬಣ್ಣದ ಚೌಕ ಎದ್ದು ಕಾಣುತ್ತೆ. ನಾನು ಅದನ್ನೇ ನೋಡ್ತಿದ್ದೆ. ಅಕ್ಕ, ‘ಜೇಬು ಯಾವ ಕಡೆ ಇದೆ? ಎಡಕ್ಕೆ. ಸೆರಗು ಯಾವ ಕಡೆ ಬರುತ್ತೆ? ಎಡಕ್ಕೆ. ಮುಚ್ಚಿಹೋಗುತ್ತೆ ಬಿಡು’ ಅಂದ್ರು.

ಒಂದು ಸೀರೆ, ಎರಡು ಪಟ್ಟಿ

ಈಗ ಮುಖ್ಯ ಕೆಲಸ. ದೊಡ್ಡವರ ಸೀರೆ ಐದೂವರೆ ಮೀಟರ್ ಉದ್ದ, ಸುಮಾರು 45 ಇಂಚು ಅಗಲ. ನಾಲ್ಕು ಅಡಿ ಚಿಲ್ಲರೆ ಎತ್ತರದ ಹುಡುಗಿಗೆ ಅದನ್ನ ಹಾಗೇ ಉಡಿಸಿದ್ರೆ ಬಟ್ಟೆಯ ಮೂಟೆ ಥರ ಆಗ್ತಾಳೆ. ಒನಕೆ ಎತ್ತೋದು ಹಾಗಿರಲಿ, ನಡೆಯೋಕೂ ಆಗಲ್ಲ.

ಒಂದೇ ಒಂದು ಅಳತೆ ಬೇಕು. ಟೇಪನ್ನ ಹೊಕ್ಕುಳ ಹತ್ತಿರ ಹಿಡಿದು, ಕಾಲುಗಳ ನಡುವೆ ಹಿಂದಕ್ಕೆ ತಂದು, ಬೆನ್ನಿನ ಕಡೆ ಸೊಂಟದವರೆಗೂ ಅಳೀರಿ. ಇವಳಿಗೆ 24 ಇಂಚು ಬಂತು. ಕೂರೋಕೆ, ಓಡೋಕೆ ಸಡಿಲ ಬೇಕಲ್ಲ, ಅದಕ್ಕೆ 4 ಸೇರಿಸಿ. 28. ಸೀರೆಯ ಕೆಳಗಿನ ಅಂಚಿನಿಂದ 28 ಇಂಚು ಮೇಲಕ್ಕೆ ಗುರುತು ಹಾಕಿ, ಉದ್ದಕ್ಕೆ ಕತ್ತರಿಸಿ. ಈಗ ನಿಮ್ಮ ಹತ್ತಿರ ಎರಡು ಪಟ್ಟಿ ಇವೆ. 28 ಇಂಚಿನದು ಕಚ್ಚೆಗೆ. ಉಳಿದ 17 ಇಂಚಿನದು ಸೆರಗಿಗೆ. ಎರಡಕ್ಕೂ ಒಂದೊಂದು ಅಂಚು ಬಂತು!

ಇದರ ಹಿಂದಿನ ನಿಯಮ ಇಷ್ಟೇ: ನೇಯ್ದ ಅಂಚು ಹೊರಗೆ, ಕತ್ತರಿ ಬಿದ್ದ ಕಡೆ ಒಳಗೆ. ನೇಕಾರರು ಆಗಲೇ ಮುಗಿಸಿಕೊಟ್ಟಿರೋ ಅಂಚನ್ನ ನಾವು ಮತ್ತೆ ಯಾಕೆ ಹೊಲೀಬೇಕು? ಕಚ್ಚೆ ಪಟ್ಟಿಯ ಕತ್ತರಿಸಿದ ಕಡೆ ಸೊಂಟದಲ್ಲಿ ಮುಚ್ಚಿಹೋಗುತ್ತೆ. ಸೆರಗಿನ ಕತ್ತರಿಸಿದ ಕಡೆ ಮಡಿಕೆ ಒಳಗೆ ಹೋಗುತ್ತೆ. ಹಳೇ ಬಟ್ಟೆಯಲ್ಲಿ ಕೆಲಸ ಮಾಡುವಾಗ ಸಿದ್ಧವಾಗಿರೋ ಅಂಚು, ಪಟ್ಟಿ, ಗುಂಡಿ, ಕಾಜಾ ಎಲ್ಲ ಪುಕ್ಕಟೆ ಬಂದ ದುಡಿಮೆ. ಯಾರೋ ಒಬ್ಬರು ಫ್ಯಾಕ್ಟರಿಯಲ್ಲಿ, ಯಾರೋ ಒಬ್ಬರು ಮಗ್ಗದ ಮುಂದೆ ಕೂತು ಮಾಡಿದ್ದು. ಅದನ್ನ ಉಳಿಸ್ಕೊಂಡಷ್ಟೂ ನಿಮ್ಮ ಕೆಲಸ ಕಡಿಮೆ.

ಕಚ್ಚೆ ಪಟ್ಟಿಯಲ್ಲಿ ಹರಿದ ಭಾಗ ಬಿಟ್ಟು 3 ಮೀಟರ್ ಸಾಕು. ಹುಡುಗಿಯ ಒಂದು ಹಳೇ ಲಾಡಿ ಪೈಜಾಮ ಹಾಕಿಸಿ, ಲಾಡಿ ಕಟ್ಟಿ. ಪಟ್ಟಿಯ ಮಧ್ಯ ಬೆನ್ನಿಗೆ ಬರಲಿ, ಎರಡೂ ತುದಿ ಮುಂದಕ್ಕೆ ಬರಲಿ. ಮುಂದೆ ಉಳಿದ ಬಟ್ಟೆಯನ್ನ ಐದೈದು ಇಂಚಿನ ನೆರಿಗೆ ಹಿಡಿದು ಹೊಕ್ಕುಳ ಹತ್ತಿರ ಸಿಕ್ಕಿಸಿ. ನೆರಿಗೆಯ ಕೆಳತುದಿಯನ್ನ ಕಾಲುಗಳ ನಡುವೆ ಹಿಂದಕ್ಕೆ ತಂದು ಬೆನ್ನಿನ ಕಡೆ ಸೊಂಟಕ್ಕೆ ಸಿಕ್ಕಿಸಿ. ಪಂಚೆಗೆ ಕಚ್ಚೆ ಹಾಕೋದು ನೋಡಿದ್ದೀರಲ್ಲ, ಅದೇ ಲೆಕ್ಕ. ಸುತ್ತ ಪಿನ್ನು ಹಾಕಿ, ಲಾಡಿ ಬಿಚ್ಚಿ, ಪೈಜಾಮ ಸಮೇತ ಮೆಲ್ಲಗೆ ಕಳಚಿ, ಸೊಂಟದ ಪಟ್ಟಿಗೆ ಕೈಯಲ್ಲೇ ಹೊಲೀರಿ. ಲಾಡಿ ಕೂರೋ ಜಾಗ ಬಿಟ್ಟು ಅದರ ಕೆಳಗೆ ಹೊಲೀಬೇಕು, ಇಲ್ಲಾಂದ್ರೆ ಲಾಡಿ ಸಿಕ್ಕಿಹಾಕ್ಕೊಳ್ಳುತ್ತೆ. ಮುಂದೆ ಲಾಡಿ ಕಟ್ಟೋ ಬಾಯಿ ಇರುತ್ತಲ್ಲ, ಅಲ್ಲಿ ನೆರಿಗೆಯನ್ನ ಒಂದೇ ಮಗ್ಗುಲಿಗೆ ಹೊಲೀರಿ. ಅಡ್ಡಲಾಗಿ ಎರಡೂ ಕಡೆ ಹೊಲಿದ್ರೆ ಬಾಯಿ ತೆರೆಯಲ್ಲ.

ಪೈಜಾಮ ಯಾಕೆ ಅಂತ ಕೇಳ್ತೀರಾ? ಶಾಲೆಯ ಕಾರ್ಯಕ್ರಮ 10ಕ್ಕೆ ಅಂದ್ರೆ ಶುರುವಾಗೋದು 12ಕ್ಕೆ. ಅಷ್ಟರಲ್ಲಿ ಮಗು ಬಾತ್‌ರೂಮಿಗೆ ಹೋಗ್ಬೇಕಾಗುತ್ತೆ. ಉಡಿಸಿದ ಕಚ್ಚೆ ಒಮ್ಮೆ ಬಿಚ್ಚಿದ್ರೆ ಅಲ್ಲಿ ಮತ್ತೆ ಕಟ್ಟೋರು ಯಾರು? ಅಕ್ಕನಿಗೆ ಅವತ್ತು ರಜೆ ಸಿಗೋ ಹಾಗಿರ್ಲಿಲ್ಲ. ಪೈಜಾಮಕ್ಕೆ ಹೊಲಿದಿದ್ರೆ ಲಾಡಿ ಬಿಚ್ಚಿ, ಎಲ್ಲ ಒಟ್ಟಿಗೆ ಇಳಿಸಿ, ಒಟ್ಟಿಗೆ ಏರಿಸಿ, ಹುಡುಗಿಯೇ ಕಟ್ಕೋಬಹುದು. ಅಮ್ಮ ಪಕ್ಕದಲ್ಲಿಲ್ಲದ ಮಗು ಒಂಟಿಯಾಗಿ ನಿಭಾಯಿಸೋ ಹಾಗೆ ವೇಷ ಇರ್ಬೇಕು. ದುಡಿಯೋ ತಾಯಂದಿರ ಮನೆಗೆ ಇದು ಎಲ್ಲಕ್ಕಿಂತ ದೊಡ್ಡ ನಿಯಮ.

ಹೊಲಿಗೆ ಎಲ್ಲ ಉದ್ದುದ್ದ ಕಚ್ಚಾ ಹೊಲಿಗೆಯೇ. ಭಾರ ಬೀಳೋ ಎರಡು ಜಾಗ, ಮುಂದಿನ ನೆರಿಗೆ ಮತ್ತು ಹಿಂದಿನ ಕಚ್ಚೆ, ಅಲ್ಲಿ ಮಾತ್ರ ಎರಡೆಳೆ ದಾರದಲ್ಲಿ ನಾಲ್ಕು ಸಲ ಗಟ್ಟಿಯಾಗಿ. ಕಚ್ಚಾ ಹೊಲಿಗೆ ಸೋಮಾರಿತನ ಅಲ್ಲ. ನಾಳೆ ಸುಲಭವಾಗಿ ಬಿಚ್ಬಹುದು, ಬೇರೆ ಅಳತೆಗೆ ಮತ್ತೆ ಹಾಕ್ಬಹುದು. ಹತ್ತು ಅಡಿ ದೂರದಲ್ಲಿ ಕೂತಿರೋ ತೀರ್ಪುಗಾರರಿಗೆ ಹೊಲಿಗೆ ಕಾಣಲ್ಲ, ಆಕಾರ ಮತ್ತು ಬಣ್ಣ ಕಾಣುತ್ತೆ.

ಸೆರಗಿನ ಪಟ್ಟಿ ಬಲ ಸೊಂಟದಿಂದ ಹೊರಟು, ಎದೆ ಮೇಲೆ ಹಾದು, ಎಡ ಭುಜ ದಾಟಿ, ಬೆನ್ನ ಮೇಲಿಂದ ಬಂದು ಸೊಂಟಕ್ಕೆ ಬಿಗಿಯಾಗಿ ಸುತ್ತಿ ಗಂಟು. ಭುಜದ ಹತ್ತಿರ ಒಳಗಡೆಯಿಂದ ಒಂದೇ ಪಿನ್ನು. ಸೊಂಟಕ್ಕೆ ಸೆರಗು ಬಿಗಿದ ಹೆಂಗಸು ಅಂದ್ರೆ ಏನೋ ಮಾಡೋಕೆ ಹೊರಟಿದ್ದಾಳೆ ಅಂತ ನಮ್ಮೂರಲ್ಲಿ ಯಾರಿಗೂ ಬಿಡಿಸಿ ಹೇಳ್ಬೇಕಿಲ್ಲ. ಡೈಲಾಗ್ ಶುರುವಾಗೋ ಮುಂಚೆಯೇ ಅರ್ಧ ಅಭಿನಯ ಆಗಿರುತ್ತೆ.

ಒನಕೆ? ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿರೋ ರಟ್ಟಿನ ಕೊಳವೆ ಇರುತ್ತಲ್ಲ, ಥಾನು ಖಾಲಿಯಾದ ಮೇಲೆ ಅದು ಅಂಗಡಿಯವರಿಗೆ ಹೊರೆ. ಕೇಳಿದ್ವಿ, ಕೊಟ್ರು. ಕಂದು ಕಾಗದ ಅಂಟಿಸಿ, ಎರಡೂ ತುದಿಗೆ ಕಪ್ಪು ಕಾಗದದ ಪಟ್ಟಿ. ನಿಜವಾದ ಒನಕೆ ಆ ವಯಸ್ಸಿನ ಕೈಗೆ ಭಾರ, ಪಕ್ಕದಲ್ಲಿ ನಿಂತಿರೋ ಪುಟ್ಟ ಗಾಂಧೀಜಿಗೂ ಅಪಾಯ.

ಕೊನೆಗೆ ಮೂರು ಕೆಲಸ ಮಾಡಿಸಿ ನೋಡಿ: ನೆಲದ ಮೇಲೆ ಚಕ್ಕಳಮಕ್ಕಳ ಕೂರಿಸಿ, ಬೀದಿಯ ಆ ತುದಿಗೆ ಓಡಿಸಿ, ಎರಡೂ ಕೈ ಮೇಲೆತ್ತಿಸಿ. ಎಲ್ಲೂ ಏನೂ ಜಾರದಿದ್ರೆ ವೇಷ ಪಾಸು.

ಈಗ ಎರಡು ಕಾಲಂ

ಸೀರೆ 80, ಶರ್ಟು 40, ಕೊಕ್ಕೆ 25, ದಾರ 10, ಕಾಗದ ಗೋಂದು 35. ಒಟ್ಟು 190. ಹೋಗಿ ಬರೋ ಖರ್ಚು 40 ಸೇರಿಸಿದ್ರೆ 230. ಬಾಡಿಗೆ 500. ವಿಡಿಯೋಗಳು ಇಲ್ಲಿಗೇ ನಿಲ್ಲಿಸಿ ‘ನೋಡಿ, ಅರ್ಧಕ್ಕರ್ಧ ಉಳಿತಾಯ’ ಅಂತ ಹೇಳ್ತವೆ.

ನಾನು ಇನ್ನೊಂದು ಸಾಲು ಬರೀತೀನಿ. ಅಕ್ಕನ ಮೂರು ರಾತ್ರಿ, ಒಟ್ಟು 5 ಗಂಟೆ. ಗಂಟೆಗೆ ಬರೀ 60 ರೂಪಾಯಿ ಹಿಡಿದ್ರೂ 300. ಅಲ್ಲಿಗೆ 530 ಆಯ್ತು, ಬಾಡಿಗೆಗಿಂತ 30 ಜಾಸ್ತಿ. ಮನೆಯಲ್ಲಿ ಹೆಂಗಸರು ಮಾಡೋ ಕೆಲಸಕ್ಕೆ ಸೊನ್ನೆ ಹಾಕಿದ್ರೆ ಮಾತ್ರ ‘ಮನೆಯಲ್ಲೇ ಮಾಡಿದ್ದು’ ಯಾವಾಗ್ಲೂ ಅಗ್ಗ ಅನ್ನಿಸೋದು. ಅದಕ್ಕೇ ಹೇಳ್ತೀನಿ, ಅಮ್ಮನಿಗೆ ಈ ಲಿಂಕ್ ಕಳಿಸಿ ಕೈತೊಳ್ಕೋಬೇಡಿ. ಕೊಕ್ಕೆ ಹಿಡಿದು ಹೊಲಿಗೆ ಬಿಚ್ಚೋದು, ಒಗೆಯೋದು, ಒನಕೆಗೆ ಕಾಗದ ಅಂಟಿಸೋದು, ಇವಕ್ಕೆ ಹೊಲಿಗೆ ಬರಬೇಕಂತಿಲ್ಲ. ಅಣ್ಣ, ಚಿಕ್ಕಪ್ಪ, ಮನೆಯಲ್ಲಿ ಫೋನ್ ಹಿಡಿದು ಕೂತಿರೋ ನಾವು ನೀವು ಮಾಡ್ಬಹುದು.

ಹಾಗಾದ್ರೆ ಲಾಭ ಎಲ್ಲಿ? ಎರಡು ಕಡೆ. ಮೊದಲನೇದು, 1,500 ಒಟ್ಟಿಗೆ ಕೊಡೋ ತಾಪತ್ರಯ ಇಲ್ಲ. 80 ಇವತ್ತು, 40 ಮುಂದಿನ ವಾರ, ಹೀಗೆ ಚೂರುಚೂರಾಗಿ ಹೋಗುತ್ತೆ. ಎರಡನೇದು, ಬಾಡಿಗೆಯವರಿಗೆ ಮುಂದಿನ ವರ್ಷ ಮತ್ತೆ 500. ಇದಕ್ಕೆ ಮುಂದಿನ ವರ್ಷ ಸೋಪಿನ ದುಡ್ಡು. ಹೊಸ ಬಟ್ಟೆ ಅಂಗಡಿಯಿಂದ ಹೊರಬಿದ್ದ ದಿನವೇ ಬೆಲೆ ಕಳ್ಕೊಳ್ಳುತ್ತೆ, ಆ ನಷ್ಟವನ್ನ ಹಳೇ ಬಟ್ಟೆಯ ಮೊದಲ ಮಾಲೀಕರು ಆಗಲೇ ತಿಂದಿರ್ತಾರೆ. ನಮಗೆ ಉಳಿದಿರೋದು ಬರೀ ಬಳಕೆ.

ಸಮಯವೇ ಇಲ್ಲ, ನಾಳೆ ಬೆಳಗ್ಗೆ ಸ್ಪರ್ಧೆ ಅಂತೀರಾ? ಶರ್ಟಿನ ಕಾಲರ್ ಒಳಗೆ ಮಡಚಿ ನಾಲ್ಕು ಹೊಲಿಗೆ ಹಾಕಿ, ತೋಳು ಮಡಚಿ, ತುದಿ ಗಂಟು ಹಾಕಿ. ಕಚ್ಚೆ ಮತ್ತು ಸೆರಗಿನ ಕೆಲಸ ಮಾತ್ರ ಹೇಳಿದ ಹಾಗೆ ಮಾಡಿ. ಒಂದೂವರೆ ಗಂಟೆ ಸಾಕು.

ನಮ್ಮ ಓಬವ್ವನಿಗೆ ಬಂದಿದ್ದು ಸಮಾಧಾನಕರ ಬಹುಮಾನ, ಒಂದು ಸ್ಟೀಲ್ ಡಬ್ಬಿ. ಮೊದಲ ಬಹುಮಾನ ಎರಡನೇ ಕ್ಲಾಸಿನ ಒಬ್ಬ ಸಾಲುಮರದ ತಿಮ್ಮಕ್ಕನಿಗೆ. ಅವಳದ್ದೂ ಅಜ್ಜಿಯ ಹಳೇ ಸೀರೆಯಂತೆ.

ಆಮೇಲೆ ಪಕ್ಕದ ಬೀದಿಯಿಂದ ಒಬ್ಬರು ತಮ್ಮ ಮಗಳಿಗೆ ಅಂತ ಇದೇ ವೇಷ ಕೇಳ್ಕೊಂಡು ಬಂದ್ರು. ‘ಬಾಡಿಗೆ ಎಷ್ಟು ತಗೋತೀಯಕ್ಕ?’ ಅಂದ್ರು. ಅಕ್ಕ ಸ್ವಲ್ಪ ಹೊತ್ತು ಯೋಚ್ನೆ ಮಾಡಿ, ‘ಬಾಡಿಗೆ ಬೇಡ. ಸೊಂಟದ ಹೊಲಿಗೆ ಬಿಚ್ಚಿ ನಿನ್ನ ಮಗಳ ಅಳತೆಗೆ ನೀನೇ ಹಾಕ್ಕೋ. ವಾಪಸ್ ಕೊಡುವಾಗ ಒಗೆದು ಕೊಡು’ ಅಂದ್ರು. ಕೊಕ್ಕೆಯನ್ನೂ ಜೊತೆಗೇ ಕೊಟ್ಟು ಕಳಿಸಿದ್ರು.

ನಿಮ್ಮ ಮನೆ ಟ್ರಂಕಲ್ಲಿ ಏನಿದೆ, ಅದು ಯಾವ ಪಾತ್ರಕ್ಕೆ ಆಗುತ್ತೆ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಮತ್ತೆ ಚೀಟಿ ವ್ಯವಹಾರಕ್ಕೆ ವಾಪಸ್. ಸಿಗೋಣ, ನಮಸ್ಕಾರ.